ಮೊಣಕೈ ಮಟ್ಟ

ಹೆಂಡತಿಗೆ ಬಡ್ತಿ ಬಂದಿತ್ತು. ಮೈಸೂರು ಬಿಟ್ಟು ಬೀದರಿನ ಶಾಲೆಗೆ ಮುಖ್ಯೋಪಾಧ್ಯಾಯಿನಿಯಾಗಿ ಹೋಗಬೇಕು. ಒಪ್ಪಿಗೆಯೋ ಇಲ್ಲವೋ, ಸೋಮವಾರದೊಳಗೆ ಬರೆದು ಕೊಡಬೇಕಿತ್ತು.

ಗಂಡ ಬೇಡವೆನ್ನಲಿಲ್ಲ. ಅಡುಗೆಮನೆಯ ಗೋಡೆಯೊಳಗೆ ಕೂರಿಸುವ ದೊಡ್ಡ ಓವನ್ ತಂದ.

"ಹತ್ತು ವರ್ಷದಿಂದ ಕೇಳ್ತಿದ್ದೆಯಲ್ಲ, ತಗೋ. ಇಂಥದ್ದನ್ನ ಬಿಟ್ಟು ಯಾರಾದರೂ ಬೀದರಿಗೆ ಹೋಗ್ತಾರೇನೇ?"

ಅವಳು ಅದರ ಬಾಗಿಲು ತೆರೆದು ಒಳಗೆ ನೋಡಿದಳು. "ಚೆನ್ನಾಗಿದೆ" ಎಂದಳು.

ಮರುದಿನ ಬೆಳಿಗ್ಗೆ ಬಡಗಿ ಬಂದ. ಗಂಡ ಅಡುಗೆಮನೆಯ ಗೋಡೆಗೆ ಒರಗಿ ಕಾಫಿ ಕುಡಿಯುತ್ತಿದ್ದ.

"ಎಷ್ಟು ಎತ್ತರಕ್ಕೆ ಕೂರಿಸಲಿ ಸಾರ್? ಅಡುಗೆ ಮಾಡೋರ ಮೊಣಕೈ ಮಟ್ಟಕ್ಕೆ ಬಂದ್ರೆ ಬಿಸಿ ತಟ್ಟೆ ಎತ್ತೋಕೆ ಸಲೀಸು."

"ಅವಳನ್ನೇ ಕೇಳಪ್ಪ. ಅಡುಗೆಮನೆ ವಿಷಯಕ್ಕೆ ನಾನು ತಲೆ ಹಾಕಲ್ಲ."

ಲೋಟ ಅಲ್ಲೇ ಇಟ್ಟು ಕಚೇರಿಗೆ ಹೋದ.

ಸಂಜೆ ಬಂದಾಗ ಓವನ್ ಗೋಡೆಯಲ್ಲಿ ಕೂತಿತ್ತು. ಬಡಗಿ ಮರದ ಹೊಟ್ಟು ಗುಡಿಸುತ್ತಿದ್ದ. ಹೆಂಡತಿ ಓವನ್ನಿನ ಮುಂದೆ ನಿಂತಿದ್ದಳು. ಒಳಗಿನ ತಟ್ಟೆ ಅವಳ ಭುಜದ ಎತ್ತರಕ್ಕಿತ್ತು.

"ಏನಯ್ಯಾ ಇದು? ಇವಳಿಗೆ ಎಟುಕೋದು ಬೇಡವಾ? ಅಳತೆ ತಗೊಳ್ಳದೆ ಕೂರಿಸಿದೆಯಾ?"

ಬಡಗಿ ಪೊರಕೆ ಕೆಳಗಿಟ್ಟ.

"ಅಳತೆ ಸರಿಯಾಗೇ ಇದೆ ಸಾರ್. ಬೆಳಿಗ್ಗೆ ನೀವು ಗೋಡೆಗೆ ಒರಗಿ ಕಾಫಿ ಕುಡೀತಿದ್ರಲ್ಲ, ನಿಮ್ಮ ಮೊಣಕೈ ತಾಗಿದ್ದ ಕಡೆಗೇ ಅಮ್ಮಾವ್ರು ಪೆನ್ಸಿಲಿನಲ್ಲಿ ಗೀಟು ಹಾಕಿಕೊಟ್ಟರು."