ಉಗುರಿನ ಸಂದಿಯ ಕಪ್ಪು

ಯಜಮಾನರ ಚಪ್ಪಲಿಯ ಸದ್ದು ಮೆಟ್ಟಿಲ ಮೇಲೆ ಕೇಳಿದಾಗ ಬಣ್ಣದ ಕಾರ್ಖಾನೆಯ ಲೆಕ್ಕದ ಹುಡುಗಿಯ ಮೇಜಿನ ಮೇಲೆ ಇನ್ನೂ ಎರಡು ಹಾಳೆಗಳಿದ್ದವು. ಎರಡರಲ್ಲೂ ಅದೇ ಹನ್ನೆರಡು ಬಣ್ಣ, ಅದೇ ಒಂದು ತೊಟ್ಟಿ. ಯಾವುದಾದ ಮೇಲೆ ಯಾವುದನ್ನು ಕಲಸಬೇಕೆಂದು ಅವಳು ಎರಡು ಮಾದರಿಯಲ್ಲಿ ಲೆಕ್ಕ ಕಟ್ಟಿ ಕಂಪ್ಯೂಟರನ್ನು ಕೇಳಿದ್ದಳು. ಮೊದಲನೆಯದರಲ್ಲಿ ತೊಟ್ಟಿ ತೊಳೆಯಲು ಪ್ರತಿ ಸಲವೂ ಒಂದೇ ಗಂಟೆ, ಸರಾಸರಿ. ಎರಡನೆಯದರಲ್ಲಿ ಬಣ್ಣ ಬಣ್ಣಕ್ಕೂ ಬೇರೆ ಹೊತ್ತು. ಮೊದಲನೆಯದು ಶುಕ್ರವಾರದ ಲಾರಿಗೆ ಮುಂಚೆಯೇ ಮುಗಿಯುತ್ತಿತ್ತು. ಎರಡನೆಯದು ಮೂರು ಗಂಟೆ ತಡ. ಲಾರಿ ತಪ್ಪಿದರೆ ನಿನ್ನ ಕೆಲಸವೂ ತಪ್ಪಿತೆಂದು ತಿಳಿ ಎಂದು ಯಜಮಾನರು ನಿನ್ನೆಯೇ ಹೇಳಿದ್ದರು.

"ಮೊದಲನೇದೇ ಕೊಡ್ತೀನಿ ಮೇಸ್ತ್ರಿ," ಎಂದಳು.

ಬಣ್ಣ ಕಲಸುವ ಮುದುಕ ಮೇಸ್ತ್ರಿ ಆ ಹಾಳೆಯ ಮೇಲೆ ಬೆರಳಿಟ್ಟು ನಿಧಾನವಾಗಿ ಓದಿದ. "ಕಪ್ಪಾದ್ಮೇಲೆ ಬಿಳಿ ಅಂತಿದೆಯಲ್ಲ ಮಗಳೇ. ನಿನ್ನ ಕಂಪ್ಯೂಟರು ಯಾವತ್ತಾದ್ರೂ ತೊಟ್ಟಿ ತೊಳೆದಿದೆಯಾ?"

"ಒಂದು ಗಂಟೆ ಬಿಟ್ಟಿದೀನಲ್ಲ."

ಅವನು ಇನ್ನೊಂದು ಕೈಯ ಹೆಬ್ಬೆರಳನ್ನು ಅವಳ ಮುಂದೆ ಹಿಡಿದ. ಉಗುರಿನ ಸಂದಿಯಲ್ಲಿ ಕಪ್ಪು ಗೆರೆ ಇತ್ತು. "ಇದು ಸೋಮವಾರದ್ದು. ಇವತ್ತು ಬುಧವಾರ. ನಾನೇನು ಕೈ ತೊಳೀದೆ ಊಟ ಮಾಡ್ತೀನಾ? ಬಿಳಿ ಡಬ್ಬದೊಳಗೆ ಬೂದಿ ಬಣ್ಣ ಹೋಗುತ್ತೆ, ನೋಡ್ಕೋ."

ಬಾಗಿಲು ತೆರೆಯಿತು. "ಲಾರಿಗೆ ಆಗುತ್ತೆ ತಾನೇ?" ಎನ್ನುತ್ತ ಯಜಮಾನರು ಕೈ ಚಾಚಿದರು. ಹುಡುಗಿಯ ಕಣ್ಣು ಆ ಉಗುರಿನ ಮೇಲೇ ಇತ್ತು. ಮೊದಲನೇ ಹಾಳೆಯನ್ನು ಮೇಸ್ತ್ರಿಯ ಬೆರಳಡಿಯಲ್ಲೇ ಬಿಟ್ಟು ಎರಡನೆಯದನ್ನು ಕೊಟ್ಟಳು.

"ಆಗಲ್ಲ ಸಾರ್," ಎಂದಳು. "ಮೂರು ಗಂಟೆ ತಡ."