ಕಿವಿಗೆ ವೀಸಾ ಬೇಡ

“ತಿರುವಿ ಹಾಕಬ್ಯಾಡ! ತಡಿಯಲೇ ಹೊಸಪ್ಪಾ, ಇನ್ನೂ ಹಸಿ ಐತೆ!”

ಬೆಳಗಿನ ಆರು ಗಂಟೆಗೆ ಚನ್ನಗಿರಿ ಬಸ್ ನಿಲ್ದಾಣದ ಎದುರಿನ ಹೋಟೆಲಿನಲ್ಲಿ ದೋಸೆ ಭಟ್ಟ ಮುರುಗೇಶಪ್ಪ ಮೊಬೈಲಿನೊಳಕ್ಕೆ ಕೂಗಿದ. ದೋಸೆ ಇದ್ದದ್ದು ಅಮೆರಿಕದ ಹ್ಯೂಸ್ಟನ್ನಿನಲ್ಲಿ. ಅಲ್ಲಿ ಇನ್ನೂ ಹಿಂದಿನ ದಿನದ ಸಂಜೆ, ಜನ ಊಟಕ್ಕೆ ಬಂದು ಕೂತಿದ್ದರು. ಮೊಬೈಲಿನಲ್ಲಿ ಕಾವಲಿ ಚೆನ್ನಾಗಿಯೇ ಕಾಣುತ್ತಿತ್ತು. ಆದರೆ ಕಣ್ಣಿನಿಂದ ದೋಸೆ ನೋಡುವವರನ್ನು ಮುರುಗೇಶಪ್ಪ ಭಟ್ಟರೆಂದೇ ಒಪ್ಪುತ್ತಿರಲಿಲ್ಲ. ಕಣ್ಣು ಮುಚ್ಚಿ ಮೊಬೈಲನ್ನು ಕಿವಿಗೆ ಒತ್ತಿಕೊಂಡ. ಬೆಣ್ಣೆಯ ಚುರ್ ಸದ್ದು ಸಣ್ಣಗಾಗುವವರೆಗೆ ಕಾದು, “ಹ್ಞೂಂ, ಈಗ!” ಎಂದ. ಏಳು ಸಮುದ್ರದಾಚೆ ದೋಸೆ ತಿರುಗಿತು.

ಹೋಟೆಲಿನ ಸಾವ್ಕಾರ ಗುರುಬಸವರಾಜ್ ಅವರ ತಂಗಿಯ ಮಗಳು ಸಂಧ್ಯಾರಾಣಿ ಹ್ಯೂಸ್ಟನ್ನಿನಲ್ಲಿ ಬೆಣ್ಣೆ ದೋಸೆ ಹೋಟೆಲು ತೆರೆದಿದ್ದಳು. ಮುರುಗೇಶಪ್ಪನನ್ನೇ ಕರೆಸಿಕೊಳ್ಳೋಣವೆಂದರೆ ವೀಸಾ ಸಿಗಲಿಲ್ಲ. ಕಿವಿಗೆ ವೀಸಾ ಬೇಕಿರಲಿಲ್ಲವಾದ್ದರಿಂದ ಅದನ್ನಷ್ಟೇ ಕೆಲಸಕ್ಕಿಟ್ಟುಕೊಂಡಳು. ಅಲ್ಲಿ ಕಾವಲಿಯ ಮುಂದೆ ನಿಂತವನು ಮೆಕ್ಸಿಕೋದವನು, ಹೆಸರು ಹೋಸೆ. ಮುರುಗೇಶಪ್ಪನ ಬಾಯಲ್ಲಿ ಮೊದಲ ದಿನವೇ ಹೊಸಪ್ಪನಾದ. ಇವನಿಗೆ ಅವನ ಭಾಷೆ ಬಾರದು, ಅವನಿಗೆ ಇವನದು ಬಾರದು. ಆದರೂ ವಾರ ತುಂಬುವುದರೊಳಗೆ ಹೊಸಪ್ಪ, ಹಾಕು, ತಡಿ, ತಿರುವು, ಹಸಿ ಐತೆ, ಎಲ್ಲ ಕಲಿತುಬಿಟ್ಟ. ಮಧ್ಯೆ ಮಧ್ಯೆ ಬರುವ ಬೈಗುಳಗಳನ್ನೂ ಪಾಠವೆಂದೇ ಭಾವಿಸಿ ಬಾಯಿಪಾಠ ಮಾಡಿದ.

“ಇದಕ್ಕೆ ಹೊರಗುತ್ತಿಗೆ ಅಂತಾರೆ ಕಣಪ್ಪಾ,” ಎಂದಿದ್ದರು ಸಾವ್ಕಾರರು. “ಮೊದ್ಲು ಕಂಪ್ಯೂಟರ್‌ನೋರಿಗಷ್ಟೇ ಇತ್ತು. ಈಗ ದೋಸೆಯೋರಿಗೂ ಬಂದೈತೆ.” ಅವತ್ತಿನಿಂದ ಮುರುಗೇಶಪ್ಪನ ನಡಿಗೆಯೇ ಬದಲಾಗಿತ್ತು. ಟೇಬಲ್ ಒರೆಸುವ ಬಟ್ಟೆಯನ್ನು ಅವನು ಮುಟ್ಟುವುದನ್ನೇ ಬಿಟ್ಟಿದ್ದ.

ಅವನ ನಿದ್ದೆಗೆಡಿಸಿದ್ದು ಹೊನ್ನಾಳಿಯ ನಾಗೇಂದ್ರಪ್ಪ. ಅವನೂ ದೋಸೆ ಭಟ್ಟನೇ. ಅರ್ಧ ಸಂಬಳಕ್ಕೆ ನಾನೇ ಕಿವಿ ಕೊಡುತ್ತೇನೆಂದು ಸಂಧ್ಯಾರಾಣಿಗೆ ಹೇಳಿಕಳಿಸಿದ್ದನಂತೆ. “ಹೊನ್ನಾಳಿಯೋರ ಕಿವಿಗೆ ಬೆಣ್ಣೆ ಸದ್ದು ಎಲ್ಲಿ ತಿಳೀತೈತ್ರೀ!” ಎಂದು ಮುರುಗೇಶಪ್ಪ ಎಲ್ಲರ ಮುಂದೆ ನಕ್ಕ. ಒಳಗೊಳಗೇ ಹೆದರಿದ. ನಾಗೇಂದ್ರಪ್ಪನಿಗೆ ಜಾಗವೇ ಸಿಗಬಾರದೆಂದರೆ ಹ್ಯೂಸ್ಟನ್ನಿನಲ್ಲಿ ಒಂದು ದೋಸೆಯೂ ಕೆಡಬಾರದು. ಹಾಗಾಗಿ ಹೊಸಪ್ಪನಿಂದ ಏನನ್ನೂ ಮುಚ್ಚಿಡಲಿಲ್ಲ. ಹಿಟ್ಟಿಗೆ ಮಂಡಕ್ಕಿ ಎಷ್ಟು, ಚಳಿಯಲ್ಲಿ ಹಿಟ್ಟು ಎಷ್ಟು ಹೊತ್ತು ಉಬ್ಬಬೇಕು, ಬೆಣ್ಣೆಯ ಸದ್ದು ಎಲ್ಲಿ ಮೂರನೆಯ ಸಲ ಬದಲಾಗುತ್ತದೆ, ಹೆಂಡತಿಗೂ ಹೇಳದ ಗುಟ್ಟುಗಳನ್ನೆಲ್ಲ ಆ ಮೆಕ್ಸಿಕೋದವನಿಗೆ ಕೈಸನ್ನೆಯಲ್ಲೇ ಧಾರೆ ಎರೆದ.

ಮೂರು ತಿಂಗಳ ಮೇಲೆ ಸಾವ್ಕಾರರು ಅಡಿಗೆಮನೆಗೇ ಬಂದರು.

“ಸಂಧ್ಯಾ ಫೋನ್ ಮಾಡಿದ್ಲು ಮುರುಗೇಶಪ್ಪ. ನಾಳೆಯಿಂದ ನಿನ್ನ ಕಿವಿ ಬ್ಯಾಡಂತೆ.”

“ಆ ನಾಗೇಂದ್ರಪ್ಪಗೆ ಕೊಟ್ರಾ?”

“ಅವನಿಗ್ಯಾಕೆ? ನಿನ್ನ ಹೊಸಪ್ಪನೇ ಎಲ್ಲಾ ಕಲ್ತಾನಂತಲ್ಲ.”

ಮುರುಗೇಶಪ್ಪ ಸೌಟನ್ನು ಹಿಟ್ಟಿನ ಪಾತ್ರೆಗೆ ಎಸೆದ. ಇಷ್ಟು ದಿನ ಹೊನ್ನಾಳಿಯ ಕಡೆಗೇ ಕಾವಲು ಕಾದದ್ದು ದಂಡವಾಯಿತು.

“ಇನ್ನೊಂದು ಮಾತೈತೆ,” ಎಂದರು ಸಾವ್ಕಾರರು, ಅವನ ಮುಖ ನೋಡದೆ. “ಆ ಹೊಸಪ್ಪ ನಾಳೆಯಿಂದ ಬೆಳಗ್ಗೆ ಎರಡು ತಾಸು ನಮ್ಮ ಕಾವಲಿ ನೋಡ್ಕಂತಾನೆ. ಅಲ್ಲಿ ಅವನ ಹೋಟೆಲು ಬಾಗ್ಲು ಹಾಕೋ ಹೊತ್ತದು.”

“ನಮ್ಮ ಕಾವಲೀನ? ನಾನು ಸತ್ತೀನೇನ್ರೀ ಸಾವ್ಕಾರ್ರೆ?”

“ಛೆ ಛೆ, ಬಿಡ್ತು ಅನ್ನು! ದೋಸೆ ಹುಯ್ಯೋನು ನೀನೇ. ಮೇಲ್ವಿಚಾರಣೆ ಅಷ್ಟೇ ಅವನ್ದು. ಹಿತ್ತಲ ಗಿಡ ಮದ್ದಲ್ಲ ನೋಡಪ್ಪಾ, ಜನಕ್ಕೆ ಫಾರಿನ್ನೇ ಆಗಬೇಕು. ಬೋರ್ಡು ಬರಿಯಾಕೂ ಹೇಳೀನಿ.”

ಮರುದಿನ ಹೋಟೆಲಿನ ಮುಂದೆ ‘ಅಮೆರಿಕದ ನೇರ ಮೇಲ್ವಿಚಾರಣೆಯಲ್ಲಿ ಬೆಣ್ಣೆ ದೋಸೆ’ ಎಂಬ ಬೋರ್ಡು ತೂಗಿತು. ಕಾವಲಿಯ ಪಕ್ಕದಲ್ಲಿ ಒಂದು ಸ್ಟ್ಯಾಂಡು, ಸ್ಟ್ಯಾಂಡಿನ ಮೇಲೆ ಮೊಬೈಲು. ಮೊಬೈಲಿನ ತುಂಬ ಹೊಸಪ್ಪನ ಮುಖವಲ್ಲ, ಒಂದು ದೊಡ್ಡ ಕಿವಿ. ಅದನ್ನು ಕಂಡದ್ದೇ ಮುರುಗೇಶಪ್ಪನಿಗೆ ಮೈಯೆಲ್ಲ ಉರಿಯಿತು. ಉರಿಯಲ್ಲೇ ಹಿಟ್ಟು ಹುಯ್ದ, ಬೆಣ್ಣೆ ಬಡಿದ, ಉರಿಯಲ್ಲೇ ತಿರುವಲು ಹೋದ.

“ತಡಿಯಲೇ ಮುಂಡೇದೇ!” ಎಂದಿತು ಮೊಬೈಲು, ಅತ್ಯಂತ ವಿನಯದಿಂದ. “ಹಸಿ ಐತೆ.”

ತಿಂಡಿ ತಿನ್ನುತ್ತಿದ್ದವರೆಲ್ಲ ತಲೆ ಎತ್ತಿದರು. ಮುರುಗೇಶಪ್ಪ ಬಗ್ಗಿ ದೋಸೆಯ ಅಂಚು ಎತ್ತಿ ನೋಡಿದ. ಹಸಿಯಾಗಿಯೇ ಇತ್ತು. ಗುರುವಿಗೇ ತಿರುಮಂತ್ರ! ಮೂವತ್ತು ವರ್ಷದಲ್ಲಿ ಅವನಿಗೆ ಇಂಥ ಅವಮಾನ ಆಗಿರಲಿಲ್ಲ. ಆದರೂ, ಎಂಥ ಕಿವಿ ಮಾಡಿಬಿಟ್ಟೆನಪ್ಪಾ ಎಂದು ಮನಸ್ಸಿನ ಮೂಲೆಯಲ್ಲೆಲ್ಲೋ ಒಂದು ಹೆಮ್ಮೆಯೂ ಮಿಸುಕಾಡಿತು. ತೆಪ್ಪಗೆ ಕಾದ. “ಈಗ,” ಎಂದಿತು ಕಿವಿ. ತಿರುವಿದ.

ಆ ದೋಸೆ ಹೋದದ್ದು ಮೂಲೆಯ ಟೇಬಲ್ಲಿನ ಓಬಳಪ್ಪ ಮೇಷ್ಟ್ರಿಗೆ. ಇಪ್ಪತ್ತು ವರ್ಷದಿಂದ ದಿನಾ ಬೆಳಗ್ಗೆ ಮುರುಗೇಶಪ್ಪನ ಕೈಯ ದೋಸೆಯನ್ನೇ ತಿಂದು, ಒಂದು ದಿನವೂ ಚೆನ್ನಾಗಿದೆ ಎನ್ನದೆ ಎದ್ದುಹೋದವರು. ಅವರು ಒಂದು ತುತ್ತು ಬಾಯಿಗಿಟ್ಟರು, ಕಣ್ಣು ಮುಚ್ಚಿದರು, ಬೆರಳು ಚೀಪಿದರು.

“ಏನೇ ಅನ್ರಿ ಸಾವ್ಕಾರ್ರೆ,” ಎಂದರು, “ಅಮೆರಿಕದೋರ ಕೈ ರುಚಿ ನಮ್ಮೋರಿಗೆ ಎಲ್ಲಿ ಬರಬೇಕು!”