ಹಸಿರು ಚುಕ್ಕೆಯ ಜೋಡಿ

ಕಾಡಿನ ಎಲೆಯೆಲ್ಲ ಉದುರಿ, ಗಾಳಿ ಬೀಸಿದರೆ ನೆಲವೇ ಸರಸರ ಎನ್ನುವ ಬೇಸಿಗೆ. ಬೆಳಿಗ್ಗೆ ಎಂಟಕ್ಕೆಲ್ಲ ರೇಡಿಯೊ ರಿಪೇರಿಯವನ ಮೇಜಿನ ಮೇಲೆ ಬೆಂಕಿ ಕಾವಲು ಗೋಪುರದ ಹಳೆಯ ವಯರ್‌ಲೆಸ್ ಸೆಟ್ಟು ಹೊಟ್ಟೆ ಬಿಚ್ಚಿಕೊಂಡು ಮಲಗಿತ್ತು. ಅದನ್ನು ಬೆನ್ನ ಮೇಲೆ ಹೊತ್ತು ಗುಡ್ಡ ಇಳಿದು ಬಂದ ಕಾವಲುಗಾರ ಬಾಗಿಲ ಕಲ್ಲಿನ ಮೇಲೆ ಕೂತಿದ್ದ.

“ಕೇಳ್ಸತ್ತೆ, ಮಾತಾಡೋಕಾಗಲ್ಲ,” ಎಂದು ಮೂರನೆಯ ಸಲ ಹೇಳಿದ. “ಮೊನ್ನೆ ಪೂರ್ವದ ಇಳಿಜಾರಲ್ಲಿ ಹೊಗೆ ಕಾಣ್ತು. ಆಫೀಸಿನವರು ‘ಗುಡ್ಡ, ಗುಡ್ಡ, ಇದ್ದೀಯಾ’ ಅಂತ ಕೂಗ್ತಾನೇ ಇದ್ರು. ನಾನು ಗಂಟಲು ಹರ್ಕೊಂಡಿದ್ದೇ ಬಂತು. ಓಡಿ ಇಳಿಯೋ ಹೊತ್ತಿಗೆ ಅರ್ಧ ಇಳಿಜಾರು ಬೂದಿ. ಮಧ್ಯಾಹ್ನ ಗಾಳಿ ಏಳೋ ಮುಂಚೆ ನಾನು ಮೇಲಿರಬೇಕು. ಹೊಸ ಸೆಟ್ಟು ಕೊಡ್ತಾರಂತೆ, ಮಳೆಗಾಲಕ್ಕೆ!”

ರಿಪೇರಿಯವನಿಗೆ ನಗು ಬರಲಿಲ್ಲ. ಮಾತನ್ನು ಗಾಳಿಗೆ ತಳ್ಳುವ ಎರಡು ಪವರ್ ಟ್ರಾನ್ಸಿಸ್ಟರ್‌ಗಳೂ ಸುಟ್ಟಿದ್ದವು. ಕಾರ್ಖಾನೆಯವರು ಅವನ್ನು ಮಾಡುವುದು ಬಿಟ್ಟು ಎಷ್ಟೋ ವರ್ಷವಾಗಿತ್ತು. ಹಿಂದೆಂದೋ ಪೇಟೆಯಿಂದ ತರಿಸಿಟ್ಟಿದ್ದ ಜೊತೆಯನ್ನು ಸ್ಪಿರಿಟ್ ಹಚ್ಚಿ ಉಜ್ಜಿದರೆ ಮೇಲಿನ ಅಕ್ಷರವೆಲ್ಲ ಹತ್ತಿಗೇ ಬಂದಿತ್ತು, ಬರೀ ನಕಲಿ ಮಾಲು. ಇನ್ನು ಉಳಿದದ್ದು ಅವನ ತಗಡಿನ ಡಬ್ಬಿಯಲ್ಲಿದ್ದ ಒಂದೇ ಒಂದು, ತಲೆಯ ಮೇಲೆ ಹಸಿರು ಚುಕ್ಕೆಯದು. ಆದರೆ ಇವು ಒಂದೇ ನೊಗಕ್ಕೆ ಹೂಡುವ ಎತ್ತುಗಳ ಹಾಗೆ, ಸಮಬಲದವೇ, ಎಂದರೆ ಒಂದೇ ಬಣ್ಣದ ಚುಕ್ಕೆಯವೇ ಆಗಬೇಕು. ಒಂದು ಹೆಚ್ಚು ಎಳೆಯಿತೋ, ಮೊದಲು ಅದು ಸುಡುತ್ತದೆ, ಹಿಂದೆಯೇ ಇನ್ನೊಂದು. ಹಸಿರು ಚುಕ್ಕೆಯದರ ಜೊತೆಯದು ಎಲ್ಲಿದೆ ಎಂದು ಅವನಿಗೆ ಚೆನ್ನಾಗಿ ಗೊತ್ತಿತ್ತು: ಮೂರು ಬೀದಿ ಆಚೆ, ಭಾವನ ಮನೆಯಲ್ಲಿ. ಅಕ್ಕ ಆಗಾಗ ಬಂದು ಹೋಗುತ್ತಿದ್ದಳು. ಅವನು ಮಾತ್ರ ಹನ್ನೊಂದು ವರ್ಷದಿಂದ ಆ ಬೀದಿ ತುಳಿದಿರಲಿಲ್ಲ.

ಭಾವ, ಭಾವಮೈದ ಇಬ್ಬರೂ ಹದಿನೆಂಟು ವರ್ಷ ಒಂದೇ ಅಂಗಡಿ ನಡೆಸಿದವರು. ಒಬ್ಬ ಬೆಸುಗೆ ಹಾಕಿದರೆ ಇನ್ನೊಬ್ಬ ಹಿಡಿದುಕೊಳ್ಳುತ್ತಿದ್ದ. ಊಟದ ಹೊತ್ತಿಗೆ ಎಲ್ಲಿಯದೋ ಹಡಗಿನವರ ಮಾತು ಹಿಡಿದು, ಭಾಷೆ ಬಾರದಿದ್ದರೂ ಒಬ್ಬರಿಗೊಬ್ಬರು ಅರ್ಥ ಹೇಳಿ ಅನ್ನ ನೆತ್ತಿಗೇರುವಷ್ಟು ನಗುತ್ತಿದ್ದರು. ಬೋರ್ಡಿನ ಮೇಲೆ ಯಾರ ಹೆಸರು ಮೊದಲು ಎಂಬಲ್ಲಿ ಮಾತಿಗೆ ಮಾತು ಬೆಳೆದು ಅಂಗಡಿ ಪಾಲಾಯಿತು. ಪಾಲಿನ ದಿನ ಅಕ್ಕನೇ ನಡುವೆ ಕೂತು, ಮಕ್ಕಳಿಗೆ ಮಿಠಾಯಿ ಹಂಚುವಂತೆ, “ನಿಂಗೊಂದು, ಇವರಿಗೊಂದು” ಎನ್ನುತ್ತ ಬಿಡಿಭಾಗಗಳನ್ನು ಹಂಚಿದಳು. ಜೋಡಿಗಳು ಒಡೆಯುತ್ತಿರುವುದು ಇಬ್ಬರಿಗೂ ಕಾಣುತ್ತಿತ್ತು. ಮೊದಲು ಬಾಯಿಬಿಟ್ಟವನು ಸೋತ ಹಾಗೆ ಎಂದು ಇಬ್ಬರೂ ತುಟಿ ಬಿಚ್ಚಲಿಲ್ಲ.

ತನ್ನ ಹಸಿರು ಚುಕ್ಕೆಯದನ್ನು ಜೇಬಿಗೆ ಹಾಕಿಕೊಂಡು, ಸೆಟ್ಟು ಹೊತ್ತ ಕಾವಲುಗಾರನ ಜೊತೆ ತಮ್ಮ ಬಾಗಿಲಿಗೆ ಬಂದು ನಿಂತದ್ದನ್ನು ಕಂಡು ಅಕ್ಕ, “ಏನೋ, ದಾರಿ ತಪ್ಪಿ ಬಂದ್ಯಾ?” ಎಂದವಳು, ಉತ್ತರಕ್ಕೆ ಕಾಯದೆ ಒಲೆಯ ಕಡೆ ನಡೆದಳು.

ಜಗಲಿಯಲ್ಲಿ ಗೋಡೆ ಗಡಿಯಾರ ಬಿಚ್ಚಿಕೊಂಡು ಕೂತಿದ್ದ ಭಾವ ತಲೆ ಎತ್ತಲಿಲ್ಲ. “ಯಾವ ಸೆಟ್ಟು?”

“ಗುಡ್ಡದ್ದು. ಹಸಿರು ಚುಕ್ಕೇದು ಒಂದು ಬೇಕಿತ್ತು, ಭಾವ.”

“ಆ ಸೆಟ್ಟು ಇನ್ನೂ ಬದುಕಿದೆಯಾ? ನೀನು ಬೆಸುಗೆ ಹಾಕಿದ ಮೇಲೂ?”

ಭಾವ ಎದ್ದು ಒಳಗೆ ಹೋಗಿ ಡಬ್ಬಿ ತಂದ. ಹುಡುಕಬೇಕಾಗಲಿಲ್ಲ, ಪಾಲಿನ ದಿನ ಹೇಗೆ ಬಿದ್ದಿದ್ದವೋ ಹಾಗೇ ಎಲ್ಲ ಒಂಟಿಗಳೂ ಇದ್ದವು. “ಒಂದನ್ನೂ ಬಳಸ್ಲಿಲ್ವಾ?” ಎಂದ ರಿಪೇರಿಯವನು. “ನೀನು ಬಳಸಿದ್ಯಾ?” ಎಂದ ಭಾವ.

ಎರಡನ್ನೂ ಸೆಟ್ಟಿನ ದಪ್ಪ ಅಲ್ಯೂಮಿನಿಯಂ ಬೆನ್ನಿಗೆ ಕೂರಿಸುವಾಗ, ಹೇಳದೆಯೇ ಭಾವ ಎರಡೂ ಕೈಯಲ್ಲಿ ಅದನ್ನು ಒತ್ತಿ ಹಿಡಿದ. “ಇನ್ನೂ ಅದೇ ಆತುರ ನಿಂದು. ಮೈಕಾ ಚೂರು ಕೆಳಗಿಡೋ ಮೊದ್ಲು, ಆಮೇಲೆ ಸ್ಕ್ರೂ.” “ಗೊತ್ತು ಭಾವ, ಬಿಡಿ.” ಬೆಸುಗೆಯ ರಾಳದ ಹೊಗೆ ಇಬ್ಬರ ಮುಖದ ನಡುವೆ ಎದ್ದಿತು. ಇಬ್ಬರೂ ಒಟ್ಟಿಗೇ ಕತ್ತು ಎಡಕ್ಕೆ ವಾಲಿಸಿದರು, ಮೊದಲಿನಂತೆಯೇ.

ಮಾತು ಹೊರಗೆ ಹೋಗುತ್ತದೋ ನೋಡಲು ಆಂಟೆನಾ ಜಾಗಕ್ಕೆ ಪುಟ್ಟ ಬಲ್ಬು ಸಿಕ್ಕಿಸಿ, ಮೈಕು ಕಾವಲುಗಾರನ ಕೈಗೆ ಕೊಟ್ಟರು. “ಗುಡ್ಡ ಇದ್ದೀನಿ,” ಎಂದ ಅವನು ಅಳುಕುತ್ತ. ಒಂದೊಂದು ಅಕ್ಷರಕ್ಕೂ ಬಲ್ಬು ಹೊತ್ತಿ ಹೊತ್ತಿ ಆರಿತು. “ಇದ್ದೀನಿ, ಇದ್ದೀನಿ!” ಎಂದು ಸುಮ್ಮಸುಮ್ಮನೆ ಇನ್ನೆರಡು ಸಲ ಕೂಗಿ, ಸೆಟ್ಟು ಬೆನ್ನಿಗೇರಿಸಿ, ಚಹಾಕ್ಕೂ ನಿಲ್ಲದೆ ಹೊರಟ.

“ಎಲ್ಲಾದ್ರೂ ಹುಡುಕಿ ಇಂಥದೇ ಒಂದು ವಾಪಸ್ ಕೊಡ್ತೀನಿ, ಭಾವ. ನಿಮ್ಮ ಪಾಲಿಂದು ನಂಗೆ ಬೇಡ.”

“ಎಲ್ಲಿ ಸಿಗತ್ತೆ? ಕೊಡ್ಬೇಕಂದ್ರೆ ಆ ಸೆಟ್ಟಿಂದಲೇ ಕೀಳ್ಬೇಕು. ಜೋಡಿ ಒಡೆದ್ರೆ ಎರಡೂ ದಂಡ. ಸಾಲ ಹಾಗೇ ಇರ್ಲಿ ಬಿಡು.”

ಚಹಾ ಲೋಟ ಹಿಡಿದು ಬಂದ ಅಕ್ಕ ಬಾಗಿಲಲ್ಲೇ ನಿಂತಳು. “ಒಡೆದ್ರೆ ಎರಡೂ ದಂಡಾನಾ?”

ಅವಳ ಕಣ್ಣು ಡಬ್ಬಿಯೊಳಗಿನ ಒಂಟಿಗಳ ಮೇಲೆ ಹೋಯಿತು, ಅಲ್ಲಿಂದ ಗಂಡನ ಮುಖಕ್ಕೆ, ಅಲ್ಲಿಂದ ತಮ್ಮನ ಮುಖಕ್ಕೆ.

“ನಿಮ್ಮಿಬ್ರಿಗೂ ಅವತ್ತೇ ಗೊತ್ತಿತ್ತು.”

ಭಾವ ಉಗುರಿಗಂಟಿದ್ದ ರಾಳ ಕೆರೆಯತೊಡಗಿದ. ಅಕ್ಕ ಲೋಟಗಳನ್ನು ಒಂದೊಂದಾಗಿ ಕೆಳಗಿಟ್ಟಳು.

“ಒಂದು ಚೂರೂ ಹೆಚ್ಚುಕಮ್ಮಿ ಆಗದ ಹಾಗೆ ಪಾಲು ಮಾಡ್ದೆ ಅಂತ ಹನ್ನೊಂದು ವರ್ಷ ನಾನು ನೆಮ್ಮದಿಯಾಗಿ ನಿದ್ದೆ ಮಾಡಿದ್ದೀನಿ,” ಎಂದಳು.